ಉರಿಯದ ಗಾಳಿಯ ಕೆಲಸ

ಬಿಣಗಾದವರಿಗೆ ನೌಕಾಪಡೆಯ ಹಡಗು ಹೊಸದಲ್ಲ. ಅದರ ಎಂಜಿನ್‌ಗೆ ಎಷ್ಟು ಶಕ್ತಿ ಎಂದು ಎಲ್ಲರೂ ಕೇಳುತ್ತೇವೆ. ಆ ಬೆಂಕಿಯಲ್ಲಿ ಅದು ಕರಗದೆ ಹೇಗೆ ಉಳಿಯುತ್ತದೆ ಎಂದೂ ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

2022ರಲ್ಲಿ ಸೇವೆಗೆ ಸೇರಿದ ಐಎನ್‌ಎಸ್ ವಿಕ್ರಾಂತ್ ಓಡುವುದು ನಾಲ್ಕು ಗ್ಯಾಸ್ ಟರ್ಬೈನ್‌ಗಳಿಂದ. ಬಿಸಿ ಹೆಚ್ಚಿದಷ್ಟೂ ದಕ್ಷತೆ ಹೆಚ್ಚು ಎಂದು ಕಾರ್ನೋ ಪಾಠದಲ್ಲಿ ಓದಿದ್ದೇವೆ. ಇದೇ ಜಾತಿಯ ಇಂದಿನ ವಿಮಾನ ಎಂಜಿನ್‌ಗಳಲ್ಲಿ ಟರ್ಬೈನಿಗೆ ನುಗ್ಗುವ ಅನಿಲ 1500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬ್ಲೇಡಿನ ನಿಕಲ್ ಮಿಶ್ರಲೋಹ ಅದಕ್ಕೂ ಮೊದಲೇ ಕರಗುತ್ತದೆ.

ಅದನ್ನು ಉಳಿಸುವುದು ಗಾಳಿ. ಕಂಪ್ರೆಸರ್ ಒತ್ತಿದ ಗಾಳಿಯಲ್ಲಿ ಒಂದು ಪಾಲನ್ನು, ಕೆಲವು ಎಂಜಿನ್‌ಗಳಲ್ಲಿ ಸುಮಾರು ಐದನೇ ಒಂದು ಭಾಗವನ್ನು, ಉರಿಸದೆ ಬದಿಗೆ ತೆಗೆಯುತ್ತಾರೆ. ಅದು ಟೊಳ್ಳು ಬ್ಲೇಡಿನೊಳಗೆ ಹರಿದು, ಸಣ್ಣ ರಂಧ್ರಗಳಿಂದ ಹೊರಬಂದು, ಮೇಲೆ ತೆಳು ಪದರವಾಗಿ ಕಾಯುತ್ತದೆ. ಇನ್ನಷ್ಟು ಗಾಳಿ ತಿರುಗುವ ಭಾಗಗಳ ಸಂದಿಗಳಲ್ಲಿ ನಿಂತು, ಬಿಸಿ ಅನಿಲ ಒಳನುಗ್ಗದಂತೆ, ಬೇರಿಂಗಿನ ಎಣ್ಣೆ ಸೋರದಂತೆ ತಡೆಯುತ್ತದೆ. ಈ ‘ತಂಪು’ ಗಾಳಿಯೇ ನೂರಾರು ಡಿಗ್ರಿ ಬಿಸಿ!

ಆದರೆ ತೆಗೆದಷ್ಟೂ ಎಂಜಿನ್‌ನ ಶಕ್ತಿಗೆ ನಷ್ಟ. ಕಡಿಮೆ ಗಾಳಿಯಲ್ಲಿ ಹೆಚ್ಚು ತಂಪು ಮಾಡುವುದೇ ಕಠಿಣ ವಿದ್ಯೆ.

ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಕಾವೇರಿ ಎಂಜಿನ್‌ಗಾಗಿ ದಶಕಗಳಿಂದ ದುಡಿದಿದೆ. ಆದರೂ 2001ರಲ್ಲಿ ತೇಜಸ್ ಮೊದಲು ಹಾರಿದ್ದು ಅಮೆರಿಕದ ಎಂಜಿನ್‌ನಿಂದ. ಈ ವಿದ್ಯೆಗೆ ಇನ್ನೂ ಜನ ಬೇಕು. ಪಿಯುಸಿ ಮುಗಿದೊಡನೆ ನಾವೆಲ್ಲ ಕಂಪ್ಯೂಟರ್ ಸೈನ್ಸ್ ಕಡೆಗೇ ಓಡುತ್ತೇವೆ. ಗೆಳೆಯರೇ, ಲೋಹ, ಶಾಖ, ಗಾಳಿಯ ಲೆಕ್ಕ ಕಲಿಯಲೂ ನಮ್ಮಲ್ಲಿ ಕೆಲವರು ಹೊರಡಬೇಕು.