ಹಿಂದೆ ಗುರು, ಮುಂದೆ ಗುರಿ

‘ಮುಂದೆ ಗುರಿಯಿರಬೇಕು, ಹಿಂದೆ ಗುರುವಿರಬೇಕು’ ಎಂಬುದು ಕನ್ನಡಿಗರ ಬಾಯಲ್ಲಿ ನಲಿಯುವ ಗಾದೆ. ಗುರಿಯೊಂದೇ ಇದ್ದರೆ ಸಾಲದು ಎಂಬುದಕ್ಕೆ ಅಮೆರಿಕದ ಭೌತವಿಜ್ಞಾನದ ಇತಿಹಾಸವೇ ಸಾಕ್ಷಿ.

1876ರಲ್ಲಿ ಎಡ್ವರ್ಡ್ ಬೂಶೆ ಎಂಬ ತರುಣನು ಯೇಲ್ ವಿಶ್ವವಿದ್ಯಾಲಯದಿಂದ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದನು. ಆ ದೇಶದಲ್ಲಿ ಡಾಕ್ಟರೇಟ್ ಗಳಿಸಿದ ಆಫ್ರಿಕನ್ ಮೂಲದ ಅಮೆರಿಕನ್ನರಲ್ಲಿ ಆತನೇ ಮೊದಲಿಗ. ಆದರೇನು? ಮೈಬಣ್ಣದ ದೆಸೆಯಿಂದ ವಿಶ್ವವಿದ್ಯಾಲಯಗಳ ಬಾಗಿಲು ಆತನಿಗೆ ತೆರೆಯಲಿಲ್ಲ. ಫಿಲಡೆಲ್ಫಿಯದ ಶಾಲೆಯೊಂದರಲ್ಲಿ 26 ವರ್ಷ ಪಾಠ ಹೇಳಿದನು. ಅದೇ ವಿಷಯದಲ್ಲಿ ಆ ಜನಾಂಗದ ಎರಡನೆಯವನಾದ ಎಲ್ಮರ್ ಐಮ್ಸ್ ಡಾಕ್ಟರೇಟ್ ಪಡೆದುದು 1918ರಲ್ಲಿ. ಬೂಶೆ ಕಣ್ಮುಚ್ಚಿದುದೂ ಅದೇ ವರ್ಷ. ಒಬ್ಬನ ಹೆಜ್ಜೆಯಲ್ಲಿ ಇನ್ನೊಬ್ಬನು ಹೆಜ್ಜೆಯಿಡಲು 42 ವರ್ಷ ಹಿಡಿಯಿತು!

ಐಮ್ಸ್ ಓದಿದುದೂ ಮುಂದೆ ಕಲಿಸಿದುದೂ ನ್ಯಾಶ್‌ವಿಲ್ ನಗರದ ಫಿಸ್ಕ್ ವಿಶ್ವವಿದ್ಯಾಲಯದಲ್ಲಿ. ದಾಸ್ಯದಿಂದ ಬಿಡುಗಡೆ ಹೊಂದಿದವರ ವಿದ್ಯಾಭ್ಯಾಸಕ್ಕೆಂದು 1866ರಲ್ಲಿ ತಲೆಯೆತ್ತಿದ ಸಂಸ್ಥೆ ಅದು. ಸಿರಿವಂತ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯವೂ ಅದೇ ಊರಿನದು. ದಾರಿ ಕಿರಿದು, ಅಂತರ ಹಿರಿದು. 1964ರ ಶಾಸನವು ವರ್ಣಭೇದದ ಬಾಗಿಲನ್ನು ಮುರಿದ ಮೇಲೂ ಭೌತವಿಜ್ಞಾನದ ಹೊಸಿಲು ದಾಟಿದವರು ವಿರಳ. ತೆರೆದ ಬಾಗಿಲಿನಾಚೆ ಪರಿಚಿತ ಮುಖವೊಂದೂ ಕಾಣದಿದ್ದರೆ ಒಳಗೆ ಕಾಲಿಡುವುದು ಸುಲಭವೆ?

2004ರಲ್ಲಿ ವ್ಯಾಂಡರ್‌ಬಿಲ್ಟಿನ ಕೀವನ್ ಸ್ಟಾಸನ್, ಫಿಸ್ಕಿನ ಆರ್ನಲ್ಡ್ ಬರ್ಗರ್ ಮೊದಲಾದ ಪ್ರಾಧ್ಯಾಪಕರು ಈ ಅಂತರಕ್ಕೆ ‘ಸೇತುವೆ’ ಎಂಬ ಹೆಸರಿನಲ್ಲೇ ಒಂದು ಯೋಜನೆಯನ್ನು ಕಟ್ಟಿದರು. ವಿದ್ಯಾರ್ಥಿಯು ಮೊದಲು ಫಿಸ್ಕಿನಲ್ಲಿ ಸ್ನಾತಕೋತ್ತರ ಪದವಿಗೆ ಓದಬೇಕು; ಜೊತೆಯಲ್ಲೇ ವ್ಯಾಂಡರ್‌ಬಿಲ್ಟಿನ ತರಗತಿಗಳಲ್ಲಿ ಕುಳಿತು, ಅಲ್ಲಿನ ಸಂಶೋಧನೆಯಲ್ಲೂ ಕೈಯಾಡಿಸಬೇಕು. ಮಾರ್ಗದರ್ಶಕರು ಅವನು ಎಡವುವ ಮುನ್ನವೇ ವಿಚಾರಿಸಿಕೊಳ್ಳುತ್ತಾರೆ. ಡಾಕ್ಟರೇಟಿಗೆ ಅರ್ಜಿ ಹಾಕುವ ಹೊತ್ತಿಗೆ ಆತನು ಅಂಕಪಟ್ಟಿಯ ಒಂದು ಹೆಸರಾಗಿ ಉಳಿದಿರುವುದಿಲ್ಲ. ಬಲ್ಲವರೆದುರು ದುಡಿದು ತೋರಿಸಿದ ವ್ಯಕ್ತಿಯಾಗಿರುತ್ತಾನೆ.

ಈ ಸೇತುವೆಯನ್ನು ದಾಟಿದವರಲ್ಲೊಬ್ಬಳು ಫಾಬಿಯೆನ್ ಬಾಸ್ಟಿಯನ್. ಕೆಪ್ಲರ್ ದೂರದರ್ಶಕವು ಅಳೆದ ನಕ್ಷತ್ರಗಳ ಬೆಳಕಿನಲ್ಲಿ ಅತಿ ಸೂಕ್ಷ್ಮವಾದ ಮಿನುಗಾಟವಿತ್ತು. ಇತರರಿಗೆ ಅದು ಲೆಕ್ಕಕ್ಕೆ ಬಾರದ ಗೊಂದಲ. ಆ ಮಿನುಗಾಟದಿಂದಲೇ ನಕ್ಷತ್ರದ ಮೇಲ್ಮೈಯ ಗುರುತ್ವವನ್ನು ಅಳೆಯಬಹುದೆಂದು ಆಕೆ ಮತ್ತು ಸಂಗಡಿಗರು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು.

ಬೇಡವೆಂದು ಬದಿಗಿಟ್ಟುದರಲ್ಲೇ ಬೇಕಾದ ಅಳತೆ ಅಡಗಿತ್ತು. ಮನುಷ್ಯರ ವಿಷಯವೂ ಇಷ್ಟೇ. ಬೂಶೆಗೆ ಪ್ರತಿಭೆಯ ಕೊರತೆಯಿರಲಿಲ್ಲ. ಆತನ ಕಾಲಕ್ಕೆ ಕಾಣುವ ಕಣ್ಣಿನ ಕೊರತೆಯಿತ್ತು. ಆ ಕಣ್ಣನ್ನೇ ಗಾದೆಯು ಗುರುವೆಂದು ಕರೆದಿದೆ.