ಕಣ್ಣು ಹೊರಳಿದರೂ ಕೇಳಿಸುವ ಕಿವಿ

ಕಣ್ಣುಗುಡ್ಡೆ ಹೊರಳಿದ ಸದ್ದು ಕೇಳಿಸುತ್ತದೆ ಎಂದು ರೋಗಿ ಹೇಳಿದರೆ ಯಾರು ನಂಬಿಯಾರು? ನಾಡಿಮಿಡಿತ, ಹೆಜ್ಜೆ ಸಪ್ಪಳ, ತನ್ನದೇ ದನಿ ಕಿವಿಯೊಳಗೆ ಮೊಳಗುತ್ತವೆ. ಜೋರು ಶಬ್ದಕ್ಕೆ, ಸೀನಿಗೆ ತಲೆ ತಿರುಗುತ್ತದೆ. ಇಂಥವರನ್ನು ಮನೋರೋಗಿಗಳೆಂದು ಎಣಿಸಿದ್ದೂ ಉಂಟು.

ಅಮೆರಿಕದ ಬಾಲ್ಟಿಮೋರ್‌ನಲ್ಲಿರುವ ಜಾನ್ಸ್ ಹಾಪ್ಕಿನ್ಸ್‌ನ ಲಾಯ್ಡ್ ಮೈನರ್ ಮತ್ತು ಸಂಗಡಿಗರು 1998ರಲ್ಲಿ ಇದರ ಮೂಲ ತೋರಿಸಿದರು. ಒಳಗಿವಿಯ ಮೂರು ಅರ್ಧವೃತ್ತ ನಾಳಗಳ ಪೈಕಿ ಮೇಲಿನದರ ಮೂಳೆಯ ಚಾವಣಿಯಲ್ಲಿ ತೂತು! ಒಳಗಿವಿಗೆ ಸಹಜವಾಗಿರುವ ಕಿಟಕಿಗಳು ಎರಡು, ಇದು ಮೂರನೆಯದು. ಗಾಳಿಯಲ್ಲಿ ಬಂದ ಸದ್ದಿನ ಶಕ್ತಿ ಅಲ್ಲಿ ಸೋರುತ್ತದೆ, ಮೂಳೆಯ ಮೂಲಕ ಬಂದದ್ದು ಹಿಗ್ಗುತ್ತದೆ.

ಪತ್ತೆಯಲ್ಲಿ ಎಡವುವುದು ಸುಲಭ. ಶ್ರವಣ ನಕ್ಷೆ, ರಿಕಾಪು ಮೂಳೆ ಬಿಗಿದುಕೊಳ್ಳುವ ಆಟೊಸ್ಕ್ಲಿರೋಸಿಸ್‌ನಂತೆಯೇ ಕಾಣುತ್ತದೆ. ಅದೇ ಎಂದು ಬಗೆದು ಶಸ್ತ್ರಕ್ರಿಯೆ ಮಾಡಿಸಿಕೊಂಡು ಫಲ ಕಾಣದವರಿದ್ದಾರೆ. ಜೋರು ಸದ್ದಿಗೆ ನಡುಗಿವಿಯ ಸ್ನಾಯು ಬಿಗಿಯುತ್ತದೆಯೇ ಎಂದು ಮೊದಲೇ ನೋಡಿದ್ದರೆ ಸಾಕಿತ್ತು: ರಿಕಾಪು ಬಿಗಿದಿದ್ದರೆ ಈ ಪ್ರತಿಕ್ರಿಯೆ ಸಾಮಾನ್ಯವಾಗಿ ಸಿಗದು, ತೂತಿದ್ದರೆ ಸಿಗುತ್ತದೆ. ಶ್ರುತಿಕವೆಯನ್ನು ಮಿಡಿದು ಕಾಲಿನ ಹರಡಿಗೆ ಒತ್ತಿದರೆ ಕೆಲವರಿಗೆ ಕಿವಿಯಲ್ಲಿ ಕೇಳಿಸುತ್ತದೆ. ಶಾಲೆಯ ಪ್ರಯೋಗಾಲಯದ ಅದೇ ಅಗ್ಗದ ಕವೆ!

ಆಮೇಲೆ ಸಿ.ಟಿ. ಸ್ಕ್ಯಾನ್. ಅರ್ಧ ಮಿಲಿಮೀಟರ್‌ನಷ್ಟು ತೆಳು ಪದರಗಳಲ್ಲಿ, ನಾಳದ ಸಮತಲಕ್ಕೆ ಹೊಂದಿಸಿ ನೋಡಬೇಕು; ದಪ್ಪ ಪದರದಲ್ಲಿ ತೆಳು ಮೂಳೆಯೂ ತೂತಿನಂತೆ ತೋರೀತು. ಹೀಗಾಗಿ ಚಿತ್ರವೊಂದನ್ನೇ ನೆಚ್ಚುವಂತಿಲ್ಲ. ಕತ್ತಿನ ಸ್ನಾಯುವಿನ ಮೇಲೆ ವಿದ್ಯುದಗ್ರ ಅಂಟಿಸಿ ಮಾಡುವ ‘ವೆಂಪ್’ ಪರೀಕ್ಷೆಯೂ ತಾಳೆಯಾಗಬೇಕು: ತೂತುಳ್ಳ ಕಿವಿ, ಬೇರೆಯವರ ಕಿವಿಗೆ ಸಾಲದಷ್ಟು ಮೆಲ್ಲನೆಯ ಸದ್ದಿಗೇ ಸ್ನಾಯುವನ್ನು ಮಿಡಿಸುತ್ತದೆ.