ನೋಡುವ ಜಾತ್ರೆಯೂ ಪರೀಕ್ಷಿಸುವ ಜಾತ್ರೆಯೂ

ಜಗತ್ತಿನ ರಾಷ್ಟ್ರಗಳು ತಮ್ಮ ಯಂತ್ರಗಳನ್ನೂ ಸಂಸ್ಕೃತಿಯನ್ನೂ ಒಂದೇ ಬಯಲಿನಲ್ಲಿ ತಂದಿರಿಸುವ ಮಹಾಪ್ರದರ್ಶನಗಳನ್ನು ಜನತೆಯ ವಿದ್ಯಾಶಾಲೆಗಳೆಂದು ಹೊಗಳುವ ವಾಡಿಕೆಯುಂಟು. ಈ ಹೊಗಳಿಕೆಯನ್ನು ಪರೀಕ್ಷಿಸದೆ ಒಪ್ಪುವುದು ವಿಚಾರವಂತರಿಗೆ ತಕ್ಕುದಲ್ಲ.

1958ನೆಯ ಇಸ್ವಿಯ ಏಪ್ರಿಲ್ 17ರಿಂದ ಅಕ್ಟೋಬರ್ 19ರ ವರೆಗೆ ಬೆಲ್ಜಿಯಮ್ಮಿನ ಬ್ರಸೆಲ್ಸ್ ನಗರದಲ್ಲಿ ನೆರೆದ ಪ್ರದರ್ಶನವನ್ನೇ ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ಕಬ್ಬಿಣದ ಸ್ಫಟಿಕದ ಅಣುರಚನೆಯನ್ನು ಹಿಗ್ಗಿಸಿ ಕಟ್ಟಿದ, ಒಂಬತ್ತು ಗೋಲಗಳ, 102 ಮೀಟರ್ ಎತ್ತರದ ಆಟೋಮಿಯಮ್ ಅಲ್ಲಿ ಮನುಷ್ಯನ ಬುದ್ಧಿಶಕ್ತಿಯ ಧ್ವಜಸ್ತಂಭದಂತೆ ನಿಂತಿತ್ತು. ಅದೇ ಬಯಲಿನಲ್ಲಿ, ಬೆಲ್ಜಿಯಮ್ಮಿನ ಅಧೀನವಾಗಿದ್ದ ಕಾಂಗೋ ದೇಶದ ಜನರನ್ನು ಬೇಲಿಯೊಳಗೆ ಗುಡಿಸಲುಗಳ ಮುಂದೆ ಕೂಡ್ರಿಸಿ ಕೈಕಸಬು ಮಾಡಿಸಲಾಗುತ್ತಿತ್ತು. ನೋಡಬಂದವರಲ್ಲಿ ಕೆಲವರು ಅವರತ್ತ ಬಾಳೆಹಣ್ಣು, ನಾಣ್ಯಗಳನ್ನು ಎಸೆದರು. ಅವಮಾನವನ್ನು ತಾಳಲಾರದೆ ಅವರು ಜುಲೈ ತಿಂಗಳಲ್ಲಿಯೇ ಸ್ವದೇಶಕ್ಕೆ ಮರಳಿದರು. ಅಣುವಿನ ಒಳಗನ್ನು ಬಲ್ಲ ನಾಗರಿಕತೆಗೆ ಎದುರಿಗೆ ಕುಳಿತ ಮನುಷ್ಯನ ಪರಿಚಯವಾಗದೆ ಹೋಯಿತು. ಇದು ಎಂತಹ ವಿದ್ಯಾಶಾಲೆ?

ಅದು ಯುರೋಪದ ಗರ್ವ, ಭಾರತದಲ್ಲಿ ಹಾಗಾಗಲಿಲ್ಲವೆಂದು ಕೆಲವರು ಹೇಳಬಹುದು. 1959ರಲ್ಲಿ ದಿಲ್ಲಿಯಲ್ಲಿ ಜಾಗತಿಕ ಕೃಷಿಮೇಳ ನೆರೆಯಿತು. ಡಿಸೆಂಬರ್ 11ರಂದು ಅಮೇರಿಕದ ಅಧ್ಯಕ್ಷ ಐಸೆನ್‌ಹೋವರ್ ತಮ್ಮ ದೇಶದ ಮಂಟಪವನ್ನು ಸ್ವತಃ ಉದ್ಘಾಟಿಸಿದರು. ಅಲ್ಲಿ ಯಾರಿಗೂ ಅವಮಾನವಾಗಲಿಲ್ಲವೆಂದೇ ಇಟ್ಟುಕೊಳ್ಳೋಣ. ಆದರೆ ಯಂತ್ರದ ಬೆಲೆಯನ್ನು ತೆರುವ ಬಗೆ, ಕೆಟ್ಟಾಗ ಅದನ್ನು ದುರಸ್ತಿ ಮಾಡುವವರು, ಮಳೆ ತಪ್ಪಿದ ಎರೆಭೂಮಿಯಲ್ಲಿ ಅದರ ನಡತೆ — ಇವನ್ನು ಯಾವ ಮಂಟಪ ತಾನೆ ತೋರಿಸೀತು? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಒಕ್ಕಲಿಗನಿಗೆ ಬೇಕಾದ ವಿದ್ಯೆ ಇದೇ.

ಆ ವಿದ್ಯೆಯ ನೆಲೆ ಹತ್ತಿರದಲ್ಲಿಯೇ ಇತ್ತು. 1933ರಲ್ಲಿಯೇ ವಿಜಾಪುರದಲ್ಲಿ ಒಣಬೇಸಾಯದ ಸಂಶೋಧನೆಯು ಆರಂಭವಾಯಿತು. ಹೊಲಕ್ಕೆ ಒಡ್ಡು ಹಾಕಿ ನೀರನ್ನು ತಡೆಯುವುದು, ಸಾಲುಗಳ ಅಂತರವನ್ನು ಹೆಚ್ಚಿಸಿ ಬಿತ್ತುವುದು, ಎಡೆ ಹೊಡೆದು ಭೂಮಿಯ ಹಸಿಯನ್ನು ಕಾಯ್ದುಕೊಳ್ಳುವುದು — ಇವು ವಿದ್ಯುದ್ದೀಪದ ಕೆಳಗೆ ಹೊಳೆಯುವ ವಸ್ತುಗಳಲ್ಲ. ಹಿಂಗಾರಿ ಜೋಳದ ತೆನೆಯಲ್ಲಿ ಮಾತ್ರ ಕಾಣಿಸುವಂಥವು.

ಪ್ರದರ್ಶನವೇ ಬೇಡವೆಂದಲ್ಲ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ದನಗಳ ಸಂತೆ ಕೂಡುತ್ತದೆ. ಅಲ್ಲಿಗೆ ಬಂದ ಒಕ್ಕಲಿಗನು ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುತ್ತಾನೆ, ನಡೆಸಿ ನೋಡುತ್ತಾನೆ, ಸುಳಿ ಪರೀಕ್ಷಿಸುತ್ತಾನೆ. ಮನಸ್ಸಿಗೆ ಬಂದರೆ ಮಾತ್ರ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತಾನೆ. ಅಲ್ಲಿ ಅವನು ಪ್ರೇಕ್ಷಕನಲ್ಲ, ಪರೀಕ್ಷಕ. ಮಹಾಪ್ರದರ್ಶನದಲ್ಲಿಯಾದರೋ ಅವನು ಮುಟ್ಟಬಾರದು, ಕೇಳಬಾರದು, ಬೆರಗಾಗಿ ಮುಂದೆ ಸಾಗಬೇಕು.

ಈ ನಾಲ್ಕು ತಾಲೂಕುಗಳಲ್ಲಿ ಕೃಷಿಮೇಳಗಳನ್ನು ನೆರೆಯಿಸುವ ಮಹನೀಯರು ಯಾವ ಮಾದರಿಯನ್ನು ಅನುಸರಿಸುವರೆಂಬುದೇ ಪ್ರಶ್ನೆ. ಯಂತ್ರವನ್ನು ಹಂದರದ ಕೆಳಗಿಂದ ಹೊರತಂದು ಎರೆಯ ಹೊಲದಲ್ಲಿ ಹೂಡಲಿ. ಅದರ ಬೆಲೆಯನ್ನೂ ದುರಸ್ತಿಯ ಖರ್ಚನ್ನೂ ಕನ್ನಡದಲ್ಲಿ ಬರೆದು ಹಚ್ಚಲಿ. ಒಕ್ಕಲಿಗನ ಪ್ರಶ್ನೆಗೆ ನಿಂತು ಉತ್ತರ ಕೊಡಲಿ. ಇಷ್ಟಕ್ಕೆ ಸಿದ್ಧರಿಲ್ಲದವರು ಹಂದರ ಹಾಕುವ ಹಣದಿಂದ ನಾಲ್ಕು ಹೊಲಗಳಿಗೆ ಒಡ್ಡು ಹಾಕಿಸಿದರೆ ಜನಕ್ಕೆ ಹೆಚ್ಚಿನ ಉಪಕಾರವಾದೀತು.